ಊಟದ ಲೆಕ್ಕವೂ ಉದ್ಯಮದ ಲೆಕ್ಕವೇ
ವಯೋಮಾನಕ್ಕೆ ತಕ್ಕ ಆಹಾರ ಪ್ರಮಾಣಗಳು: ಕ್ಯಾಂಟೀನ್, ವೇತನ ಹಾಗೂ ಲೇಬಲ್‌ಗಳ ದೃಷ್ಟಿಯಿಂದ ಒಂದು ಅವಲೋಕನ

ಬಾಯ್ಲರ್ ಇರುವ ಕಾರ್ಖಾನೆಯ ಮಾಲೀಕರು ತಾವು ಖರೀದಿಸುವ ಕಲ್ಲಿದ್ದಲಿನ ಶಾಖಮೌಲ್ಯವೆಷ್ಟು ಎಂಬುದನ್ನು ವಿಚಾರಿಸದೆ ಹಣ ಪಾವತಿಸುವುದಿಲ್ಲ. ಯಂತ್ರಕ್ಕೆ ಹಾಕುವ ಎಣ್ಣೆಯ ದರ್ಜೆಯನ್ನು ತಯಾರಕರ ಕೈಪಿಡಿ ನೋಡಿಯೇ ನಿರ್ಧರಿಸುತ್ತಾರೆ. ಆದರೆ ಆ ಯಂತ್ರದ ಮುಂದೆ ಎಂಟು ಗಂಟೆ ನಿಂತು ದುಡಿಯುವ ಕಾರ್ಮಿಕನಿಗೆ ಕ್ಯಾಂಟೀನ್‌ನಲ್ಲಿ ಬಡಿಸುವ ಊಟದಲ್ಲಿ ಎಷ್ಟು ಶಕ್ತಿಯಿದೆ, ಎಷ್ಟು ಪ್ರೋಟೀನ್ ಇದೆ ಎಂದು ಕೇಳಿದರೆ ಬಹುತೇಕ ಕಡೆ ಉತ್ತರ ದೊರೆಯುವುದಿಲ್ಲ. ಆ ಖರ್ಚು "ಕಾರ್ಮಿಕ ಕಲ್ಯಾಣ" ಎಂಬ ಶೀರ್ಷಿಕೆಯಡಿ ಸೇರಿ ಅಲ್ಲಿಗೇ ಮುಗಿಯುತ್ತದೆ.

ವಾಸ್ತವವಾಗಿ ಮನುಷ್ಯನಿಗೆ ಯಾವ ವಯಸ್ಸಿನಲ್ಲಿ ಎಷ್ಟು ಆಹಾರ ಬೇಕು ಎಂಬ ಪ್ರಶ್ನೆ ವೈದ್ಯರಿಗಷ್ಟೇ ಸಂಬಂಧಿಸಿದ್ದಲ್ಲ. ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳಿಗೆ ಅದು ಮೂರು ದಾರಿಗಳಲ್ಲಿ ಎದುರಾಗುತ್ತದೆ. ಕಾರ್ಖಾನೆಯ ಕ್ಯಾಂಟೀನ್ ಮೊದಲನೆಯದು, ಕನಿಷ್ಠ ವೇತನದ ಸೂತ್ರ ಎರಡನೆಯದು, ಪೊಟ್ಟಣದ ಮೇಲೆ ಮುದ್ರಿಸಬೇಕಾದ ಪೋಷಕಾಂಶ ವಿವರ ಮೂರನೆಯದು. ಈ ಮೂರಕ್ಕೂ ಹಿನ್ನೆಲೆಯಾಗಿ ನಿಂತಿರುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕಾಲಕಾಲಕ್ಕೆ ಪ್ರಕಟಿಸುವ ಶಿಫಾರಸು ಪ್ರಮಾಣಗಳು.

ಕೂನೂರಿನಿಂದ ಹೈದರಾಬಾದಿಗೆ

ಈ ಲೆಕ್ಕಾಚಾರದ ಇತಿಹಾಸ ದಕ್ಷಿಣ ಭಾರತದಲ್ಲಿಯೇ ಆರಂಭವಾಯಿತು. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಸರ್ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಬೆರಿಬೆರಿ ರೋಗದ ಕಾರಣ ಹುಡುಕಲು ಒಂದು ಪುಟ್ಟ ವಿಚಾರಣಾ ಘಟಕವನ್ನು ತೆರೆದರು. ಅದು ಮುಂದೆ ಪೌಷ್ಟಿಕತಾ ಸಂಶೋಧನಾಲಯವಾಗಿ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಎಂಬ ಹೆಸರು ಪಡೆಯಿತು. ಕೂನೂರಿನಲ್ಲಿ ನಿರ್ದೇಶಕರಾಗಿದ್ದ ಡಾ. ವ್ಯಾಲೇಸ್ ಆಕ್ರಾಯ್ಡ್ ಅವರು 1937ರಲ್ಲಿ ಭಾರತೀಯ ಆಹಾರ ಪದಾರ್ಥಗಳ ಪೋಷಕ ಮೌಲ್ಯಗಳ ಪಟ್ಟಿಯನ್ನು ಹೊರತಂದರು. ಭಾರತೀಯರಿಗೆ ಬೇಕಾದ ದೈನಂದಿನ ಪ್ರಮಾಣಗಳ ಮೊದಲ ಶಿಫಾರಸು 1944ರಲ್ಲಿ ಬಂದಿತು. ಬಳಿಕ ಅದನ್ನು ಹಲವು ಬಾರಿ ಪರಿಷ್ಕರಿಸಲಾಗಿದ್ದು, 2010ರ ನಂತರದ ಪರಿಷ್ಕರಣೆ 2020ರದ್ದು.

ಪ್ರತಿ ಪರಿಷ್ಕರಣೆಯಲ್ಲಿಯೂ ಒಬ್ಬ "ಮಾದರಿ" ಪುರುಷ ಮತ್ತು ಒಬ್ಬ "ಮಾದರಿ" ಮಹಿಳೆಯನ್ನು ಲೆಕ್ಕಕ್ಕೆ ಹಿಡಿಯಲಾಗುತ್ತದೆ. 2010ರಲ್ಲಿ ಮಾದರಿ ಪುರುಷನ ತೂಕ 60 ಕಿಲೊ ಇದ್ದುದು 2020ರಲ್ಲಿ 65 ಕಿಲೊಗೆ ಏರಿತು. ಮಹಿಳೆಯ ತೂಕ 55 ಕಿಲೊ ಆಗಿಯೇ ಉಳಿಯಿತು.

ಮೂರು ಅಳತೆಗೋಲುಗಳು

2020ರ ವರದಿಯನ್ನು ಅರ್ಥಮಾಡಿಕೊಳ್ಳಲು ಮೂರು ಪದಗಳ ವ್ಯತ್ಯಾಸ ತಿಳಿದಿರಬೇಕು. ಒಂದು ಗುಂಪಿನ ಅರ್ಧದಷ್ಟು ಆರೋಗ್ಯವಂತರ ಅಗತ್ಯವನ್ನು ಪೂರೈಸುವ ಪ್ರಮಾಣವೇ ಅಂದಾಜು ಸರಾಸರಿ ಅಗತ್ಯ. ಬಹುತೇಕ ಎಲ್ಲರ, ಅಂದರೆ ಸುಮಾರು ಶೇ. 97.5ರಷ್ಟು ಜನರ ಅಗತ್ಯಕ್ಕೆ ಸಾಕಾಗುವಂತೆ ಹೆಚ್ಚಿಸಿಟ್ಟ ಪ್ರಮಾಣ ಶಿಫಾರಸು ಪ್ರಮಾಣ; ರೂಢಿಯಲ್ಲಿ ಇದನ್ನೇ ಆರ್‌ಡಿಎ ಎನ್ನುತ್ತಾರೆ. ಅದಕ್ಕಿಂತ ಮೇಲೆ ಹೋದರೆ ಅಪಾಯದ ಸಂಭವವುಂಟು ಎಂದು ಸೂಚಿಸುವುದು ಸಹನೀಯ ಗರಿಷ್ಠ ಮಿತಿ. ವಯಸ್ಕರಲ್ಲಿ ಈ ಮಿತಿ ದಿನಕ್ಕೆ ಕ್ಯಾಲ್ಸಿಯಂಗೆ 2500 ಮಿಲಿಗ್ರಾಂ, ಕಬ್ಬಿಣಾಂಶಕ್ಕೆ 45 ಮಿಲಿಗ್ರಾಂ. ಪೋಷಕಾಂಶ ಹೆಚ್ಚಾದಷ್ಟೂ ಒಳ್ಳೆಯದು ಎಂಬ ಜಾಹೀರಾತಿನ ಮಾತಿಗೆ ಈ ಮೂರನೆಯ ಅಳತೆಗೋಲೇ ಉತ್ತರ.

ಪ್ರೋಟೀನ್, ಕ್ಯಾಲ್ಸಿಯಂ, ಕಬ್ಬಿಣಾಂಶಗಳಿಗೆ ಹೀಗೆ ಸುರಕ್ಷತೆಯ ಅಂತರವನ್ನು ಸೇರಿಸಲಾಗುತ್ತದೆ. ಶಕ್ತಿಗೆ ಮಾತ್ರ ಸೇರಿಸುವುದಿಲ್ಲ. ಅಗತ್ಯಕ್ಕಿಂತ ಹೆಚ್ಚಾದ ಕ್ಯಾಲೊರಿ ಬೊಜ್ಜಾಗಿ ಪರಿಣಮಿಸುವುದರಿಂದ ಶಕ್ತಿಯ ಪ್ರಮಾಣವನ್ನು ಸರಾಸರಿಯಲ್ಲಿಯೇ ಹೇಳುವುದು ಪದ್ಧತಿ.

ತೊಟ್ಟಿಲಿನಿಂದ ಮುಪ್ಪಿನವರೆಗೆ

2020ರ ವರದಿಯಂತೆ ದಿನವೊಂದಕ್ಕೆ ಬೇಕಾಗುವ ಶಕ್ತಿ ಹಾಗೂ ಪ್ರೋಟೀನ್ ಪ್ರಮಾಣಗಳು ಸ್ಥೂಲವಾಗಿ ಹೀಗಿವೆ:

4-6 ವರ್ಷದ ಮಗು: 1360 ಕಿಲೊಕ್ಯಾಲೊರಿ, 16 ಗ್ರಾಂ ಪ್ರೋಟೀನ್
7-9 ವರ್ಷದ ಮಗು: 1700 ಕಿಲೊಕ್ಯಾಲೊರಿ, 23 ಗ್ರಾಂ
13-15 ವರ್ಷದ ಹುಡುಗ: 2860 ಕಿಲೊಕ್ಯಾಲೊರಿ, 45 ಗ್ರಾಂ
13-15 ವರ್ಷದ ಹುಡುಗಿ: 2400 ಕಿಲೊಕ್ಯಾಲೊರಿ, 43 ಗ್ರಾಂ
16-18 ವರ್ಷದ ಹುಡುಗ: 3320 ಕಿಲೊಕ್ಯಾಲೊರಿ, 55 ಗ್ರಾಂ
16-18 ವರ್ಷದ ಹುಡುಗಿ: 2500 ಕಿಲೊಕ್ಯಾಲೊರಿ, 46 ಗ್ರಾಂ
ವಯಸ್ಕ ಪುರುಷ, ಕುಳಿತು ಮಾಡುವ ಕೆಲಸ: 2110 ಕಿಲೊಕ್ಯಾಲೊರಿ, 54 ಗ್ರಾಂ
ವಯಸ್ಕ ಪುರುಷ, ಮಧ್ಯಮ ಶ್ರಮ: 2710 ಕಿಲೊಕ್ಯಾಲೊರಿ, 54 ಗ್ರಾಂ
ವಯಸ್ಕ ಪುರುಷ, ಕಠಿಣ ಶ್ರಮ: 3470 ಕಿಲೊಕ್ಯಾಲೊರಿ, 54 ಗ್ರಾಂ
ವಯಸ್ಕ ಮಹಿಳೆ, ಕುಳಿತು ಮಾಡುವ ಕೆಲಸ: 1660 ಕಿಲೊಕ್ಯಾಲೊರಿ, 46 ಗ್ರಾಂ
ವಯಸ್ಕ ಮಹಿಳೆ, ಮಧ್ಯಮ ಶ್ರಮ: 2130 ಕಿಲೊಕ್ಯಾಲೊರಿ, 46 ಗ್ರಾಂ
ವಯಸ್ಕ ಮಹಿಳೆ, ಕಠಿಣ ಶ್ರಮ: 2720 ಕಿಲೊಕ್ಯಾಲೊರಿ, 46 ಗ್ರಾಂ

ಈ ಪಟ್ಟಿಯಲ್ಲಿ ಉದ್ಯಮಿಗಳ ಗಮನಕ್ಕೆ ಬರಬೇಕಾದ ಸಂಗತಿಗಳು ಕೆಲವಿವೆ. ಗಲ್ಲಾಪೆಟ್ಟಿಗೆಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕುಳಿತಿರುವ ಅಂಗಡಿಯ ಯಜಮಾನರಿಗೆ 2110 ಕಿಲೊಕ್ಯಾಲೊರಿ ಸಾಕು. ಅದೇ ಅಂಗಡಿಯ ಗೋದಾಮಿನಲ್ಲಿ ಮೂಟೆ ಹೊರುವ ಹಮಾಲರಿಗೆ 3470 ಬೇಕು. ಆದರೆ ಇಬ್ಬರಿಗೂ ಬೇಕಾದ ಪ್ರೋಟೀನ್ ಒಂದೇ, 54 ಗ್ರಾಂ. ಪ್ರೋಟೀನಿನ ಅಗತ್ಯವನ್ನು ದೇಹದ ತೂಕದ ಮೇಲೆ, ಕಿಲೊಗೆ 0.83 ಗ್ರಾಂನಂತೆ ಲೆಕ್ಕ ಹಾಕಲಾಗುತ್ತದೆ. ಶ್ರಮ ಹೆಚ್ಚಾದಾಗ ಮುಖ್ಯವಾಗಿ ಹೆಚ್ಚಬೇಕಾದುದು ಶಕ್ತಿ.

ಐಟಿಐ ಮುಗಿಸಿ ತರಬೇತಿಗೆಂದು ಕಾರ್ಖಾನೆಗೆ ಬರುವ ಹದಿನೇಳರ ಹುಡುಗನ ವಿಷಯವೂ ಗಮನಾರ್ಹ. ಅವನ ಅಗತ್ಯ 3320 ಕಿಲೊಕ್ಯಾಲೊರಿ. ಅವನಿಗೆ ಕೆಲಸ ಕಲಿಸುವ ನಲವತ್ತರ ಮೇಸ್ತ್ರಿಯ ಅಗತ್ಯ ಸುಮಾರು 2710. ಕ್ಯಾಂಟೀನ್‌ನಲ್ಲಿ ಇಬ್ಬರಿಗೂ ಒಂದೇ ಅಳತೆಯ ತಟ್ಟೆ ಸಿಗುವುದಾದರೆ ಹುಡುಗನಿಗೆ ಅರೆಹೊಟ್ಟೆ, ಮೇಸ್ತ್ರಿಗೆ ಅಧಿಕ.

ಗರ್ಭಿಣಿಗೆ ದಿನಕ್ಕೆ 350 ಕಿಲೊಕ್ಯಾಲೊರಿ ಹೆಚ್ಚುವರಿಯಾಗಿ ಬೇಕು. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು 600, ನಂತರದ ಆರು ತಿಂಗಳು 520 ಕಿಲೊಕ್ಯಾಲೊರಿ ಹೆಚ್ಚು ಬೇಕು. 26 ವಾರಗಳ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳುವ ಮಹಿಳೆ ಈ ಎರಡನೆಯ ಘಟ್ಟದಲ್ಲಿರುತ್ತಾಳೆ. ಆ ಅವಧಿಯಲ್ಲಿ ಆಕೆಯ ಹಸಿವನ್ನು ಅತಿಯೆಂದು ಭಾವಿಸುವುದು ತಪ್ಪು. ಅದು ಮಗುವಿನ ಪಾಲು.

ಅರವತ್ತು ದಾಟಿದವರಲ್ಲಿ ಶಕ್ತಿಯ ಅಗತ್ಯ ಇಳಿಯುತ್ತದೆ, ಆದರೆ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಅಗತ್ಯ ಇಳಿಯುವುದಿಲ್ಲ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಹೇಳಿದ್ದರೆ, ಋತುಬಂಧದ ನಂತರದ ಮಹಿಳೆಯರಿಗೆ 1200 ಮಿಲಿಗ್ರಾಂ ಹೇಳಲಾಗಿದೆ. ಅನ್ನದ ಪ್ರಮಾಣ ತಗ್ಗಬೇಕು, ಬೇಳೆ ಹಾಲು ಮೊಸರುಗಳು ತಗ್ಗಬಾರದು ಎಂಬುದು ಇದರ ಸಾರ. ಹಿರಿಯರು ಒಂದು ಹೊತ್ತು ಗಂಜಿ ಉಪ್ಪಿನಕಾಯಿಯಲ್ಲಿ ಮುಗಿಸುವ ನಮ್ಮ ಮನೆಗಳ ರೂಢಿ ಇದಕ್ಕೆ ವ್ಯತಿರಿಕ್ತವಾಗಿದೆ.

ಕಾಣದ ನಷ್ಟ

ಕಬ್ಬಿಣಾಂಶದ ವಿಷಯದಲ್ಲಿ ಪುರುಷ ಮತ್ತು ಮಹಿಳೆಯರ ನಡುವಿನ ಅಂತರ ಅತ್ಯಂತ ದೊಡ್ಡದು. ಪುರುಷರಿಗೆ ದಿನಕ್ಕೆ 19 ಮಿಲಿಗ್ರಾಂ, ಮಹಿಳೆಯರಿಗೆ 29 ಮಿಲಿಗ್ರಾಂ, 16-18ರ ಹುಡುಗಿಯರಿಗೆ 32 ಮಿಲಿಗ್ರಾಂ ಶಿಫಾರಸು ಮಾಡಲಾಗಿದೆ. ಮಹಿಳೆಯ ಕ್ಯಾಲೊರಿ ಅಗತ್ಯ ಪುರುಷನಿಗಿಂತ ಕಡಿಮೆ, ಕಬ್ಬಿಣದ ಅಗತ್ಯ ಮಾತ್ರ ಒಂದೂವರೆ ಪಟ್ಟು. ಅಂದರೆ ಕಡಿಮೆ ಊಟದಲ್ಲಿ ಹೆಚ್ಚು ಕಬ್ಬಿಣ ದೊರೆಯಬೇಕು. ಅದು ದೊರೆಯುತ್ತಿಲ್ಲ ಎಂಬುದಕ್ಕೆ ಅಂಕಿಅಂಶಗಳೇ ಸಾಕ್ಷಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8. ಸಿದ್ಧ ಉಡುಪು, ಅಗರಬತ್ತಿ, ಗೋಡಂಬಿ ಸಂಸ್ಕರಣೆಯಂತಹ ಉದ್ಯಮಗಳು ನಿಂತಿರುವುದೇ ಈ ವಯೋಮಾನದ ಮಹಿಳೆಯರ ದುಡಿಮೆಯ ಮೇಲೆ.

ಇಂಡೋನೇಷ್ಯಾದ ರಬ್ಬರ್ ತೋಟಗಳಲ್ಲಿ ನಡೆದು 1979ರಲ್ಲಿ ಪ್ರಕಟವಾದ ಅಧ್ಯಯನವೊಂದು, ರಕ್ತಹೀನತೆಯಿಲ್ಲದ ಕಾರ್ಮಿಕರು ಉಳಿದವರಿಗಿಂತ ಹೆಚ್ಚುಕಡಿಮೆ ಐದನೇ ಒಂದರಷ್ಟು ಅಧಿಕ ಹಾಲು ಸಂಗ್ರಹಿಸುತ್ತಿದ್ದರೆಂದು ತೋರಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2005ರಲ್ಲಿ ಹೊರತಂದ ಗ್ರಂಥವೂ ಕೆಲಸದ ಸ್ಥಳದಲ್ಲಿನ ಅಸಮರ್ಪಕ ಆಹಾರದಿಂದ ಉತ್ಪಾದಕತೆ ಶೇ. 20ರವರೆಗೆ ಕುಸಿಯಬಹುದೆಂದು ಎಚ್ಚರಿಸಿದೆ. ಇಂತಹ ನಷ್ಟಕ್ಕೆ ಯಾವ ಲೆಡ್ಜರಿನಲ್ಲಿಯೂ ಖಾತೆ ತೆರೆದಿರುವುದಿಲ್ಲ. ಅದು ಮಧ್ಯಾಹ್ನದ ನಂತರದ ಮಂದಗತಿಯಾಗಿ, ಗೈರುಹಾಜರಿಯಾಗಿ, ತಿರಸ್ಕೃತ ಮಾಲಾಗಿ ಬೇರೆ ಬೇರೆ ಕಾಲಂಗಳಲ್ಲಿ ಚದುರಿಹೋಗಿರುತ್ತದೆ.

ಒಂದು ತಟ್ಟೆಯ ಲೆಕ್ಕ

ಕ್ಯಾಂಟೀನಿನ ಸಾಮಾನ್ಯ ಮಧ್ಯಾಹ್ನದ ಊಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 150 ಗ್ರಾಂ ಅಕ್ಕಿಯ ಅನ್ನ, 25 ಗ್ರಾಂ ತೊಗರಿಬೇಳೆಯ ಸಾರು, 100 ಗ್ರಾಂ ತರಕಾರಿಯ ಪಲ್ಯ, 10 ಗ್ರಾಂ ಎಣ್ಣೆ, ಒಂದು ಲೋಟ ಮಜ್ಜಿಗೆ. ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2017ರ ಆಹಾರ ಸಂಯೋಜನಾ ಕೋಷ್ಟಕಗಳ ಆಧಾರದಲ್ಲಿ ಲೆಕ್ಕ ಹಾಕಿದರೆ ಇದರಲ್ಲಿ ಸುಮಾರು 750 ಕಿಲೊಕ್ಯಾಲೊರಿ ಶಕ್ತಿ, 20 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಮಧ್ಯಮ ಶ್ರಮದ ಮಹಿಳೆಯ ದಿನದ ಶಕ್ತಿಯ ಮೂರನೇ ಒಂದು ಭಾಗಕ್ಕೆ ಇದು ಸರಿಹೊಂದುತ್ತದೆ. ಹೊಟ್ಟೆ ತುಂಬುತ್ತದೆ, ದೂರು ಬರುವುದಿಲ್ಲ. ಆದರೆ ಕಬ್ಬಿಣಾಂಶ ಬರಿಯ 3 ಮಿಲಿಗ್ರಾಂನ ಆಸುಪಾಸು. ಅಂದರೆ ಆಕೆಯ ಅಗತ್ಯದ ಹತ್ತರಲ್ಲೊಂದು ಪಾಲು ಮಾತ್ರ.

ಇದೇ ತಟ್ಟೆಯಲ್ಲಿ ಅರ್ಧದಷ್ಟು ಅಕ್ಕಿಯನ್ನು ತೆಗೆದು 75 ಗ್ರಾಂ ರಾಗಿಹಿಟ್ಟಿನ ಮುದ್ದೆಯನ್ನಿಟ್ಟು, ಸಾರಿಗೆ 25 ಗ್ರಾಂ ಮೊಳಕೆ ಹುರುಳಿಯನ್ನು ಸೇರಿಸಿದರೆ ಚಿತ್ರ ಬದಲಾಗುತ್ತದೆ. ಶಕ್ತಿ ಸುಮಾರು 800 ಕಿಲೊಕ್ಯಾಲೊರಿಗೆ, ಪ್ರೋಟೀನ್ 25 ಗ್ರಾಂಗೆ, ಕಬ್ಬಿಣಾಂಶ 8 ಮಿಲಿಗ್ರಾಂಗೆ ಏರುತ್ತದೆ. ಕ್ಯಾಲ್ಸಿಯಂ ಒಂದರಲ್ಲಿಯೇ 300 ಮಿಲಿಗ್ರಾಂಗೂ ಮೀರಿದ ಹೆಚ್ಚಳ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು 7 ಮಿಲಿಗ್ರಾಂನಷ್ಟು. ಹಳೆಯ ಮೈಸೂರು ಸೀಮೆಯ ರೈತರು ಮುದ್ದೆ ಹುರುಳಿಸಾರಿನ ಮೇಲೆ ದುಡಿದದ್ದರಲ್ಲಿ ಅರ್ಥವಿದೆ.

ತಿಂದ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ ಎಂಬುದನ್ನೂ ಮರೆಯಬಾರದು. ಧಾನ್ಯ, ಕಾಳು, ಸೊಪ್ಪುಗಳ ಕಬ್ಬಿಣದಲ್ಲಿ ಹೀರಲ್ಪಡುವುದು ಸಣ್ಣ ಪಾಲು. ಊಟದ ಜೊತೆಗೆ ನಿಂಬೆಹೋಳು, ಸೀಬೆ ಅಥವಾ ನೆಲ್ಲಿಕಾಯಿ ಇದ್ದರೆ ಅವುಗಳ ವಿಟಮಿನ್ ಸಿ ಆ ಪಾಲನ್ನು ಹೆಚ್ಚಿಸುತ್ತದೆ. ಊಟವಾದೊಡನೆ ಕುಡಿಯುವ ಚಹಾ ಅದನ್ನು ತಗ್ಗಿಸುತ್ತದೆ. ಚಹಾದ ಬಿಡುವನ್ನು ಊಟದಿಂದ ಒಂದೆರಡು ಗಂಟೆ ದೂರವಿಡುವುದಕ್ಕೆ ಯಾವ ಖರ್ಚೂ ತಗಲುವುದಿಲ್ಲ.

1948ರ ಕಾರ್ಖಾನೆಗಳ ಕಾಯಿದೆಯ 46ನೇ ಕಲಮು 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಿಗೆ ಕ್ಯಾಂಟೀನ್ ವ್ಯವಸ್ಥೆಯನ್ನು ಸಂಬಂಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಗುತ್ತಿಗೆ ಕಾರ್ಮಿಕರನ್ನೂ ಸೇರಿಸಿ 100 ಮಂದಿಗೆ ಈ ಮಿತಿಯನ್ನು ಇಳಿಸಿದೆ. ಇದುವರೆಗೆ ಕ್ಯಾಂಟೀನಿನ ಗೊಡವೆಯಿಲ್ಲದಿದ್ದ ಅನೇಕ ಮಧ್ಯಮ ಗಾತ್ರದ ಘಟಕಗಳು ಹೊಸದಾಗಿ ಇದರ ವ್ಯಾಪ್ತಿಗೆ ಬರುತ್ತವೆ. ಹೊಸದಾಗಿ ಅಡುಗೆಮನೆ ಕಟ್ಟುವಾಗಲೇ ತಟ್ಟೆಯ ಲೆಕ್ಕವನ್ನೂ ಹಾಕಿಕೊಳ್ಳುವುದು ಜಾಣತನ.

ವೇತನದೊಳಗಿನ ಕ್ಯಾಲೊರಿ

ಕನಿಷ್ಠ ವೇತನದ ಮೂಲದಲ್ಲಿಯೂ ಇದೇ ಲೆಕ್ಕವಿದೆ ಎಂಬುದು ಅನೇಕರಿಗೆ ತಿಳಿಯದು. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನವು ಅಗತ್ಯಾಧಾರಿತ ಕನಿಷ್ಠ ವೇತನದ ಸೂತ್ರವನ್ನು ಒಪ್ಪಿಕೊಂಡಾಗ, ಆಹಾರದ ಭಾಗಕ್ಕೆ ಡಾ. ಆಕ್ರಾಯ್ಡ್ ಅವರ ಶಿಫಾರಸನ್ನೇ ಆಧಾರವಾಗಿಟ್ಟಿತು. ಅದು ಒಂದು ಬಳಕೆ ಘಟಕಕ್ಕೆ 2700 ಕ್ಯಾಲೊರಿ ಎಂದು ರೂಢಿಗೆ ಬಂದಿತು. ದುಡಿಯುವ ಪುರುಷನಿಗೆ ಒಂದು, ಪತ್ನಿಗೆ 0.8, ಇಬ್ಬರು ಮಕ್ಕಳಿಗೆ ತಲಾ 0.6, ಒಟ್ಟು ಮೂರು ಘಟಕ ಎಂಬುದು ಆ ಸೂತ್ರ. ಮಕ್ಕಳ ಶಿಕ್ಷಣ, ವೈದ್ಯಕೀಯ ವೆಚ್ಚ ಮೊದಲಾದವುಗಳಿಗೆ ಶೇ. 25ನ್ನು ಸೇರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ತೀರ್ಪಿತ್ತಿತು. ವೇತನ ಸಂಹಿತೆಗಾಗಿ 2020ರಲ್ಲಿ ಕೇಂದ್ರ ಪ್ರಕಟಿಸಿದ ಕರಡು ನಿಯಮಗಳಲ್ಲಿಯೂ 2700 ಎಂಬ ಅಂಕಿಯೇ ಇತ್ತು.

ಈ ಹಳೆಯ ಸೂತ್ರವನ್ನು 2020ರ ಪ್ರಮಾಣಗಳೊಡನೆ ಹೋಲಿಸಿದರೆ ಕುತೂಹಲಕರ ಚಿತ್ರ ಮೂಡುತ್ತದೆ. ಮಧ್ಯಮ ಶ್ರಮದ ಪುರುಷನಿಗೆ ಇಂದಿನ ಅಂಕಿ 2710, ಹೆಚ್ಚುಕಡಿಮೆ ಅದೇ. ಮಹಿಳೆಯ 2130 ಅದರ ಶೇ. 79ರಷ್ಟಿದ್ದು, 0.8 ಎಂಬ ಘಟಕಕ್ಕೆ ಸರಿಯಾಗಿ ಹೊಂದುತ್ತದೆ. ಮಗುವಿನ 0.6 ಘಟಕವೆಂದರೆ 1620 ಕ್ಯಾಲೊರಿ; ಇದು ಎಂಟು ವರ್ಷದ ಮಗುವಿಗೆ ಬಹುತೇಕ ಸಾಕು. ಆದರೆ ಹದಿನಾಲ್ಕರ ಹುಡುಗನಿಗೆ ಬೇಕಾದುದು 2860, ಅಂದರೆ ಒಂದು ಘಟಕಕ್ಕಿಂತಲೂ ಹೆಚ್ಚು. ಮಕ್ಕಳು ಪ್ರೌಢಶಾಲೆಗೆ ಕಾಲಿಡುವ ವರ್ಷಗಳಲ್ಲಿಯೇ ಕಾರ್ಮಿಕ ಕುಟುಂಬದ ಸಂಬಳ ಸಾಲದಾಗುವುದಕ್ಕೆ ಶಾಲೆಯ ಶುಲ್ಕವೊಂದೇ ಕಾರಣವಲ್ಲ. ಆ ಕೊರತೆಯನ್ನು ತಾಯಿ ತನ್ನ ಊಟದಲ್ಲಿ ಕಡಿತ ಮಾಡಿ ತುಂಬುತ್ತಾಳೆ; ಮರುದಿನ ಕಾರ್ಖಾನೆಗೆ ಬರುವವಳೂ ಅವಳೇ ಆಗಿರಬಹುದು.

ಕೇಂದ್ರ ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿ 2019ರಲ್ಲಿ ನೀಡಿದ ವರದಿಯು ಘಟಕವೊಂದಕ್ಕೆ 2400 ಕ್ಯಾಲೊರಿ, 50 ಗ್ರಾಂ ಪ್ರೋಟೀನ್, 30 ಗ್ರಾಂ ಕೊಬ್ಬು ಎಂದು ಸೂಚಿಸಿ, ಕುಟುಂಬದ ಘಟಕಗಳನ್ನು ಮೂರರಿಂದ 3.6ಕ್ಕೆ ಏರಿಸಬೇಕೆಂದಿತು. ಕ್ಯಾಲೊರಿ ಇಳಿದರೂ ಕುಟುಂಬದ ಒಟ್ಟು ಮೊತ್ತ 8100ರಿಂದ 8640ಕ್ಕೆ ಏರುತ್ತದೆ.  ವೇತನ ಪರಿಷ್ಕರಣೆಯ ಸಭೆಗಳಲ್ಲಿ ಭಾಗವಹಿಸುವ ಉದ್ಯಮ ಪ್ರತಿನಿಧಿಗಳು ಈ ಅಂಕಿಗಳನ್ನು ಕರಗತ ಮಾಡಿಕೊಂಡಿರುವುದು ಅವಶ್ಯ.

ಪೊಟ್ಟಣದ ಮೇಲಿನ ಮಾತು

ಆಹಾರ ತಯಾರಕರಿಗೆ ಈ ಪ್ರಮಾಣಗಳು ಕಾನೂನಿನ ಭಾಷೆಯಾಗಿಯೇ ಬರುತ್ತವೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ, ಒಂದು ಬಾರಿಯ ಸೇವನೆಯು ದಿನದ ಪ್ರಮಾಣದ ಶೇಕಡ ಎಷ್ಟು ಎಂಬುದನ್ನು ನಮೂದಿಸಬೇಕು. ಅದಕ್ಕಾಗಿ ಸರಾಸರಿ ವಯಸ್ಕರಿಗೆ 2000 ಕಿಲೊಕ್ಯಾಲೊರಿ ಶಕ್ತಿ, 67 ಗ್ರಾಂ ಒಟ್ಟು ಕೊಬ್ಬು, 22 ಗ್ರಾಂ ಪರ್ಯಾಪ್ತ ಕೊಬ್ಬು, 2 ಗ್ರಾಂ ಟ್ರಾನ್ಸ್ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ, 2000 ಮಿಲಿಗ್ರಾಂ ಸೋಡಿಯಂ ಎಂದು ಗೊತ್ತುಪಡಿಸಲಾಗಿದೆ. ಶೇ. 15ರಷ್ಟು ಉಪ್ಪಿರುವ ಉಪ್ಪಿನಕಾಯಿಯ 10 ಗ್ರಾಂನಲ್ಲಿ 1.5 ಗ್ರಾಂ ಉಪ್ಪು, ಅಂದರೆ ಸುಮಾರು 600 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಒಂದು ಹೋಳಿನಲ್ಲಿಯೇ ದಿನದ ಶೇ. 30 ಮುಗಿಯಿತು ಎಂದು ಲೇಬಲ್ ಗ್ರಾಹಕರಿಗೆ ಹೇಳುತ್ತದೆ. ಉಪ್ಪು ತಗ್ಗಿಸಿಯೂ ಕೆಡದಂತೆ ಇಡುವ ವಿಧಾನ ಬಲ್ಲ ತಯಾರಕರಿಗೆ ಇದರಲ್ಲಿ ಅವಕಾಶವೂ ಇದೆ.

ಲೇಬಲ್‌ನ ಈ ಶೇಕಡಾವಾರು ವಯಸ್ಕರದು ಎಂಬುದನ್ನು ಮಕ್ಕಳ ತಿನಿಸು ತಯಾರಿಸುವವರು ನೆನಪಿಡಬೇಕು. 200 ಕಿಲೊಕ್ಯಾಲೊರಿಯ ತಿನಿಸು ಲೇಬಲ್‌ನಲ್ಲಿ ಶೇ. 10 ಎಂದು ಕಂಡರೂ ಐದು ವರ್ಷದ ಮಗುವಿಗೆ ಅದು ದಿನದ ಶೇ. 15ರಷ್ಟು.

ಇನ್ನು "ಸಮೃದ್ಧ" ಎಂಬ ಹೇಳಿಕೆಯ ವಿಚಾರ. 2018ರ ಜಾಹೀರಾತು ಹಾಗೂ ಹೇಳಿಕೆಗಳ ನಿಯಮಗಳಂತೆ, ಘನಪದಾರ್ಥದ 100 ಗ್ರಾಂನಲ್ಲಿ ಶಿಫಾರಸು ಪ್ರಮಾಣದ ಕನಿಷ್ಠ ಶೇ. 15 ಇದ್ದರೆ ಆ ವಿಟಮಿನ್ ಅಥವಾ ಖನಿಜದ "ಮೂಲ" ಎಂದೂ, ಶೇ. 30 ಇದ್ದರೆ "ಸಮೃದ್ಧ" ಎಂದೂ ಹೇಳಬಹುದು. ಪ್ರೋಟೀನಿಗೆ ಈ ಮಿತಿಗಳು ಶೇ. 10 ಮತ್ತು ಶೇ. 20. ರಾಗಿಹಿಟ್ಟಿನ 364 ಮಿಲಿಗ್ರಾಂ ಕ್ಯಾಲ್ಸಿಯಂ 1000ದ ಶೇ. 36 ಆಗುವುದರಿಂದ "ಕ್ಯಾಲ್ಸಿಯಂ ಸಮೃದ್ಧ" ಎನ್ನಲು ಅಡ್ಡಿಯಿಲ್ಲ. ಅದೇ ಹಿಟ್ಟಿನ 4.6 ಮಿಲಿಗ್ರಾಂ ಕಬ್ಬಿಣ ಪುರುಷರ 19ರ ಶೇ. 24 ಮಾತ್ರ, ಕಬ್ಬಿಣದ "ಮೂಲ" ಎನ್ನಬಹುದೇ ಹೊರತು "ಸಮೃದ್ಧ" ಎನ್ನಲಾಗದು.

ಇಲ್ಲಿಯೇ ಹಳೆಯ ಲೇಬಲ್‌ಗಳ ಅಪಾಯವಿರುವುದು. 2010ರಲ್ಲಿ ವಯಸ್ಕರ ಕ್ಯಾಲ್ಸಿಯಂ ಪ್ರಮಾಣ 600 ಮಿಲಿಗ್ರಾಂ ಇದ್ದುದು 2020ರಲ್ಲಿ 1000 ಆಯಿತು. 100 ಗ್ರಾಂಗೆ 200 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದ ಮಾಲ್ಟ್ ಪುಡಿ ಹಿಂದೆ ಶೇ. 33ರ ಲೆಕ್ಕದಲ್ಲಿ "ಸಮೃದ್ಧ"ವಾಗಿತ್ತು, ಈಗ ಶೇ. 20ಕ್ಕೆ ಇಳಿದು "ಮೂಲ" ಮಾತ್ರ. ಪುಡಿ ಬದಲಾಗಿಲ್ಲ, ಅಳತೆಗೋಲು ಬದಲಾಗಿದೆ. ಹಳೆಯ ಮುದ್ರಣದ ಅಚ್ಚನ್ನೇ ಮುಂದುವರಿಸಿಕೊಂಡು ಬಂದಿರುವ ಘಟಕಗಳು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಸಿದ್ಧವಸ್ತುವನ್ನು ಪರೀಕ್ಷಿಸಿ, ಲೇಬಲ್‌ಗಳನ್ನು ಮರುಪರಿಶೀಲಿಸುವುದು ಕ್ಷೇಮ.

ಮನೆಯಿಂದಲೇ ಆರಂಭ

ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು 2000 ಕಿಲೊಕ್ಯಾಲೊರಿಯ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಅಥವಾ ಮೊಸರು, 35 ಗ್ರಾಂ ಬೀಜಗಳು, 27 ಗ್ರಾಂ ಎಣ್ಣೆ ಎಂದು ಹೇಳುತ್ತದೆ. ಕುಳಿತು ವ್ಯಾಪಾರ ಮಾಡುವ ವರ್ತಕರು ಈ ಪಟ್ಟಿಯನ್ನು ತಮ್ಮ ಮನೆಯ ದಿನಸಿ ಚೀಟಿಯೊಡನೆ ಹೋಲಿಸಿ ನೋಡಬಹುದು. ಬಹುತೇಕ ಮನೆಗಳಲ್ಲಿ ಧಾನ್ಯ ಮತ್ತು ಎಣ್ಣೆ ಮೇಲಕ್ಕೂ, ಕಾಳು ಮತ್ತು ತರಕಾರಿ ಕೆಳಕ್ಕೂ ತೂಗುವುದು ಕಂಡುಬರುತ್ತದೆ.

ಕಾರ್ಖಾನೆಯಲ್ಲಿ ಮಾಡಬಹುದಾದ ಕೆಲಸವೂ ದೊಡ್ಡದಲ್ಲ. ಕ್ಯಾಂಟೀನ್ ಗುತ್ತಿಗೆಯ ಕರಾರಿನಲ್ಲಿ ಊಟದ ದರದ ಜೊತೆಗೆ ಬೇಳೆಕಾಳು, ತರಕಾರಿಗಳ ತಲಾ ಗ್ರಾಂ ಪ್ರಮಾಣವನ್ನು ಬರೆಸುವುದು. ಅನ್ನ ಮುದ್ದೆಗಳನ್ನು ಅಳತೆಯಿಲ್ಲದೆ ಕೇಳಿದಷ್ಟು ಬಡಿಸಲು ಹೇಳುವುದು. ವಾರದಲ್ಲಿ ಎರಡು ಮೂರು ದಿನ ರಾಗಿ ಹುರುಳಿಗಳಿಗೆ ಸ್ಥಾನ ಕೊಡುವುದು. ವರ್ಷಕ್ಕೊಮ್ಮೆ ಮಹಿಳಾ ಸಿಬ್ಬಂದಿಯ ಹಿಮೋಗ್ಲೋಬಿನ್ ಪರೀಕ್ಷೆಗೆ ವ್ಯವಸ್ಥೆ ಮಾಡುವುದು. ಇವುಗಳಿಗೆ ತಗಲುವ ವೆಚ್ಚವನ್ನು ಯಾವುದೇ ಘಟಕ ಒಂದು ಹಾಳೆಯಲ್ಲಿ ಲೆಕ್ಕ ಹಾಕಬಹುದು. ಅದರ ಪಕ್ಕದಲ್ಲಿಯೇ ಕಳೆದ ವರ್ಷದ ಗೈರುಹಾಜರಿ ಹಾಗೂ ತಿರಸ್ಕೃತ ಮಾಲಿನ ಮೊತ್ತವನ್ನೂ ಬರೆದಿಟ್ಟರೆ, ಊಟದ ಖರ್ಚನ್ನು ಯಾವ ಶೀರ್ಷಿಕೆಯಡಿ ತೋರಿಸಬೇಕೆಂಬುದು ಮಾಲೀಕರಿಗೇ ಸ್ಪಷ್ಟವಾಗುತ್ತದೆ.